ಸ್ವಾಮಿಯ ಅಜ್ಜಿ ಮತ್ತು ಅರಸಾಳಿನ ರೈಲು ನಿಲ್ದಾಣ

ಮಠದ ಮಾಸಪತ್ರಿಕೆಗೆ ಚಲಚ್ಚಿತ್ರದ ಗೊಡವೆ ಏಕೆಂದು ನಮ್ಮ ಹಿರಿಯ ಓದುಗರಲ್ಲಿ ಕೆಲವರಾದರೂ ಕೇಳದಿರಲಾರರು. ಆ ಪ್ರಶ್ನೆಯಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಿಂದ ಹೊರಟು ಪ್ರಸಾದ ನಿಲಯಗಳಲ್ಲಿ ಉಂಡು ಓದಿ, ಇಂದು ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿದಾಗ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಬಾಲ್ಯಕ್ಕೇ ಬಂದು ನಿಲ್ಲುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹಾಗೆ ಬಂದು ನಿಂತಾಗ ಯಾರಾದರೊಬ್ಬರು ‘ಮಾಲ್ಗುಡಿ’ಯ ಹೆಸರೆತ್ತುತ್ತಾರೆ, ಇನ್ನೊಬ್ಬರು ಅದರ ಶೀರ್ಷಿಕೆಯ ರಾಗವನ್ನು ಗುನುಗುತ್ತಾರೆ, ಎಲ್ಲರ ಮುಖವೂ ಅರಳುತ್ತದೆ. ಒಂದು ಚಿತ್ರ ಇಷ್ಟು ಜನರ ಬಾಲ್ಯಕ್ಕೆ ಬಾಗಿಲಾಗಿ ಕುಳಿತಿರುವಾಗ ಆ ಬಾಗಿಲು ಎಂಥದು, ಅದರಲ್ಲಿ ಯಾರಿಗೆ ಪ್ರವೇಶವಿದೆ, ಯಾರಿಗಿಲ್ಲ ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು.

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ 1935ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ತರುವಾಯ ಶಂಕರನಾಗ್ ಅದನ್ನೂ ನಾರಾಯಣರ ಹಲವು ಸಣ್ಣ ಕಥೆಗಳನ್ನೂ ‘ಮಾಲ್ಗುಡಿ ಡೇಸ್’ ಎಂಬ ಹೆಸರಿನಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದರು. ನಿರ್ಮಾಪಕರು ಟಿ. ಎಸ್. ನರಸಿಂಹನ್, ಛಾಯಾಗ್ರಾಹಕರು ಎಸ್. ರಾಮಚಂದ್ರ, ಸಂಗೀತ ಎಲ್. ವೈದ್ಯನಾಥನ್ ಅವರದು, ಶೀರ್ಷಿಕೆಯ ರೇಖಾಚಿತ್ರಗಳು ಕಾದಂಬರಿಕಾರರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರವು. ಸ್ವಾಮಿಯ ಕಥೆ ‘ಸ್ವಾಮಿ’ ಎಂಬ ಪೂರ್ಣಪ್ರಮಾಣದ ಚಲಚ್ಚಿತ್ರವಾಗಿಯೂ ಸಿದ್ಧವಾಗಿ 1987ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಮನ್ನಣೆಯನ್ನು ಪಡೆಯಿತು. ಸ್ವಾಮಿಯ ಪಾತ್ರವಹಿಸಿದ ಮಾಸ್ಟರ್ ಮಂಜುನಾಥ್ ಅತ್ಯುತ್ತಮ ಬಾಲನಟನೆನಿಸಿದನು. ಪ್ರಕೃತ ಲೇಖನದ ವಿಷಯ ಮುಖ್ಯವಾಗಿ ಈ ಸ್ವಾಮಿಯ ಕಥೆಯೇ ಹೊರತು ಧಾರಾವಾಹಿಯ ಉಳಿದ ಕಂತುಗಳಲ್ಲ.

ಇದು ಮನೆಮಂದಿಯೆಲ್ಲ ಕೂಡಿ ಕುಳಿತು ನಗಬಹುದಾದ ಚಿತ್ರ. ಆ ನಗೆ ಎಲ್ಲಿಂದ ಹುಟ್ಟುತ್ತದೆಂಬುದನ್ನು ಮೊದಲು ಗಮನಿಸಬೇಕು. ರಜೆಯಲ್ಲಿ ತಂದೆ ಮಗನನ್ನು ಕೂರಿಸಿಕೊಂಡು ಒಂದು ಲೆಕ್ಕ ಹಾಕುತ್ತಾರೆ. ರಾಮನಲ್ಲಿ ಹತ್ತು ಮಾವಿನ ಹಣ್ಣುಗಳಿವೆ, ಅವುಗಳಿಂದ ಅವನು ಹದಿನೈದು ಆಣೆ ಗಳಿಸಬೇಕೆಂದಿದ್ದಾನೆ, ಕೃಷ್ಣನಿಗೆ ನಾಲ್ಕು ಹಣ್ಣು ಸಾಕು, ಅವನು ಕೊಡಬೇಕಾದುದೆಷ್ಟು? ಆರು ಆಣೆ ಎಂದು ಹೇಳಲು ನಮಗೆ ಅರೆನಿಮಿಷ ಸಾಕು. ಸ್ವಾಮಿಗೆ ಸಾಲದು. ಹಣ್ಣು ಮಾಗಿದೆಯೋ ಇಲ್ಲವೋ ಎಂಬುದು ತಿಳಿಯದೆ ಬೆಲೆ ಕಟ್ಟುವುದು ಹೇಗೆಂಬುದು ಅವನ ಸಂಕಟ. ರಾಮನು ಎಂಥವನು, ಕೃಷ್ಣನು ಎಂಥವನು, ಆ ಹದಿನೈದು ಆಣೆಯ ಹಟವೇಕೆ ಎಂದು ಅವನ ಮನಸ್ಸು ಲೆಕ್ಕವನ್ನು ಬಿಟ್ಟು ಮನುಷ್ಯರ ಹಿಂದೆ ಹೋಗುತ್ತದೆ. ಹುಡುಗ ದಡ್ಡನೆಂಬ ಕಾರಣಕ್ಕೆ ಇಲ್ಲಿ ನಗೆ ಬರುವುದಲ್ಲ. ಅವನ ಪ್ರಶ್ನೆ ಸರಿಯಾಗಿಯೇ ಇದೆ. ಮಾಗದ ಹಣ್ಣಿಗೂ ಮಾಗಿದ ಹಣ್ಣಿಗೂ ಒಂದೇ ದರವೆಂದು ಸಾಗರದ ಸಂತೆಯಲ್ಲಿ ಯಾರಾದರೂ ಹೇಳಿದರೆ ಜನ ಒಪ್ಪುವರೇ? ಬುದ್ಧಿ ಬೆಳೆಸಿಕೊಂಡ ನಾವು ಆ ಪ್ರಶ್ನೆಯನ್ನು ಕೇಳುವುದನ್ನು ಬಿಟ್ಟುಬಿಟ್ಟಿದ್ದೇವೆ, ಅಷ್ಟೇ. ತಂದೆಯ ಪಾತ್ರದಲ್ಲಿ ಗಿರೀಶ ಕಾರ್ನಾಡರೂ ತಾಯಿಯ ಪಾತ್ರದಲ್ಲಿ ವೈಶಾಲಿ ಕಾಸರವಳ್ಳಿಯವರೂ ಹಾಸ್ಯಕ್ಕಾಗಿ ಪ್ರಯಾಸಪಡುವುದಿಲ್ಲ. ಇಂಥ ಕಥೆಯಲ್ಲಿ ಹಿರಿಯರು ಗಂಭೀರರಾಗಿರುವಷ್ಟೂ ಹಾಸ್ಯ ಬಲಗೊಳ್ಳುವುದೆಂಬ ಮರ್ಮವನ್ನು ದಿಗ್ದರ್ಶಕರು ಬಲ್ಲರು. ಬಾಲಕ ಮಂಜುನಾಥನಂತೂ ತಾನು ತಮಾಷೆಯ ಹುಡುಗನೆಂದು ಎಲ್ಲಿಯೂ ಭಾವಿಸಿದಂತೆ ಕಾಣುವುದಿಲ್ಲ; ಅವನ ಭಯವು ಭಯವೇ, ಅವನ ಸುಳ್ಳು ನಿಜವಾಗಿಯೂ ಸುಳ್ಳೇ. ಮಕ್ಕಳನ್ನು ಮುದ್ದಿನ ಗೊಂಬೆಗಳಂತೆ ಕುಣಿಸುವ ಈಚಿನ ಎಷ್ಟೋ ಚಿತ್ರಗಳ ಮುಂದೆ ಈ ಸಂಯಮ ದೊಡ್ಡದು.

ಇನ್ನು ಸ್ಥಳದ ಮಾತು. ಮದರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ ತಮಿಳು ಮನೆಮಾತಿನ ಲೇಖಕರು, ಭೂಪಟದಲ್ಲಿಲ್ಲದ ಊರೊಂದನ್ನು ಇಂಗ್ಲಿಷಿನಲ್ಲಿ ಕಲ್ಪಿಸಿದರು. ಹೊನ್ನಾವರದ ಕಡೆಯ ಶಂಕರನಾಗ್ ಆ ಊರನ್ನು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಹುಡುಕಿ ಕಂಡುಕೊಂಡು, ಅಲ್ಲಿಯ ಹಳೆಯ ದೊಡ್ಡಮನೆಯ ಕಂಬ ಜಗಲಿಗಳ ನಡುವೆ ಕ್ಯಾಮೆರಾ ಇಟ್ಟು, ಪಾತ್ರಗಳ ಬಾಯಲ್ಲಿ ಹಿಂದಿಯನ್ನು ನುಡಿಸಿದರು. ಹೀಗೆ ನಾಲ್ಕು ನುಡಿಗಳ ದಾರಿಯಲ್ಲಿ ಸುತ್ತಿಬಂದ ಒಂದು ಬಾಲ್ಯವನ್ನು ಮಲೆನಾಡಿನ ಕನ್ನಡಿಗರಾದ ನಾವು ನಮ್ಮದೆಂದೇ ಒಪ್ಪಿಕೊಂಡೆವು! ನಾನು ಅದನ್ನು ಮೊದಲು ನೋಡಿದ್ದು ಸ್ನೇಹಿತರೊಬ್ಬರ ಮನೆಯಲ್ಲಿ. ಬಿದಿರ ಗಳುವಿನ ತುದಿಗೆ ಕಟ್ಟಿದ ಆಂಟೆನಾವನ್ನು ಹೊರಗೆ ಒಬ್ಬರು ತಿರುಗಿಸುತ್ತಿರಬೇಕು, ಒಳಗಿನವರು ‘ಬಂತು, ಬಂತು’ ಎಂದು ಕೂಗಬೇಕು. ಅಷ್ಟರಲ್ಲಿ ಸ್ವಾಮಿ ಮತ್ತೆ ಬಿಳಿಯ ಚುಕ್ಕೆಗಳ ಮಳೆಯಲ್ಲಿ ಮರೆಯಾಗುತ್ತಿದ್ದನು. ನಮ್ಮಲ್ಲಿ ಹೆಚ್ಚಿನವರಿಗೆ ಹಿಂದಿ ಅರೆಬರೆ. ಆದರೂ ಅರ್ಥವಾಗದ ಕಡೆಯಲ್ಲಿ ಹೆಂಚು, ತೊಟ್ಟಿ, ಅಡಕೆ ಮರ, ಕೆಮ್ಮಣ್ಣಿನ ರಸ್ತೆ ಇವು ಅರ್ಥ ಹೇಳುತ್ತಿದ್ದವು. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಬಹುಪಾಲು ಕಥೆ ಬಿಸಿಲಿನಲ್ಲಿಯೇ ನಡೆಯುತ್ತದೆ. ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಆಗುಂಬೆಗೆ ಹೋಗಿ ಬಯಲುಸೀಮೆಯ ಬಿಸಿಲನ್ನು ಹಿಡಿದುಕೊಂಡು ಬರುವುದೆಂದರೆ! ಕಂಬಳಿಕೊಪ್ಪೆ ಹೊದ್ದು, ಪುಸ್ತಕದ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಸಂಕ ದಾಟಿ ಶಾಲೆಗೆ ಹೋದವರಿಗೆ ಸ್ವಾಮಿಯ ಒಣ ಕಾಲುಗಳನ್ನು ಕಂಡರೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಇದೇ ಸೀಮೆಯ ಬಾಲ್ಯವನ್ನು ಕುರಿತ ಇನ್ನೊಂದು ಚಿತ್ರ ಹತ್ತು ವರ್ಷಗಳ ಹಿಂದೆಯೇ ಬಂದಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಅದೇ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರು ‘ಘಟಶ್ರಾದ್ಧ’ವೆಂದು ತೆರೆಗೆ ತಂದರು, 1977ರ ಸ್ವರ್ಣಕಮಲ ಅದಕ್ಕೆ ದೊರೆಯಿತು. ಅದಕ್ಕೂ ಛಾಯಾಗ್ರಾಹಕರು ಇದೇ ರಾಮಚಂದ್ರರೆಂಬುದು ವಿಚಾರ ಮಾಡತಕ್ಕ ಸಂಗತಿ. ಒಂದೇ ಕಣ್ಣು ಎರಡು ಬಾಲ್ಯಗಳನ್ನು ನೋಡಿದೆ. ಅಲ್ಲಿಯ ನಾಣಿ ವೇದಪಾಠಕ್ಕೆಂದು ಬಂದು ಹಿರಿಯರ ಕ್ರೌರ್ಯವನ್ನು ಕಾಣುತ್ತಾನೆ. ತನ್ನನ್ನು ತಾಯಿಯಂತೆ ನೋಡಿಕೊಂಡ ಯಮುನಕ್ಕನನ್ನು ಬದುಕಿರುವಾಗಲೇ ಸತ್ತವಳೆಂದು ಮಾಡಿ ಹೊರಗಟ್ಟುವುದಕ್ಕೆ ಸಾಕ್ಷಿಯಾಗುತ್ತಾನೆ. ಆ ಬಾಲ್ಯಕ್ಕೆ ಮರಳಿ ಹೋಗಬೇಕೆಂದು ಯಾರೂ ಬಯಸುವುದಿಲ್ಲ. ಸ್ವಾಮಿಯ ಬಾಲ್ಯಕ್ಕೆ ಎಲ್ಲರೂ ಹೋಗಬಯಸುತ್ತಾರೆ. ಹಾಗಾದರೆ ಒಂದು ಸತ್ಯ, ಇನ್ನೊಂದು ಸುಳ್ಳೇ? ಹಾಗೆ ತೀರ್ಪು ಕೊಡುವ ವಿಮರ್ಶಕರನ್ನು ನಾನು ಬಲ್ಲೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಾಣಿಯೂ ಮಾವಿನ ಲೆಕ್ಕವನ್ನು ಎದುರಿಸಿರಬೇಕು. ಸ್ವಾಮಿಯ ಬೀದಿಯಲ್ಲಿಯೂ ಒಬ್ಬಳು ಯಮುನಕ್ಕ ಇದ್ದಿರಬೇಕು. ಹಾಸ್ಯದ ಕಥೆ ಅವಳ ಮನೆಯ ಕದವನ್ನು ತಟ್ಟುವುದಿಲ್ಲ, ಅಷ್ಟೇ. ತಟ್ಟದಿರುವುದು ಹಾಸ್ಯದ ಹಕ್ಕೂ ಹೌದು, ಅದರ ಮಿತಿಯೂ ಹೌದು.

ಈ ಮಿತಿ ನನ್ನನ್ನು ಬಾಧಿಸಿದ ಪ್ರಸಂಗವೊಂದಿದೆ. ಪೊಲೀಸ್ ಅಧಿಕಾರಿಯ ಮಗ ರಾಜಂ, ಗಟ್ಟಿಗ ಮಣಿ, ನಮ್ಮ ಸ್ವಾಮಿ ಮೂವರೂ ರಸ್ತೆಯಲ್ಲಿ ನಿಂತು, ಎತ್ತಿನ ಗಾಡಿ ಹೊಡೆದುಕೊಂಡು ಬಂದ ಒಬ್ಬ ಹಳ್ಳಿಯ ಹುಡುಗನನ್ನು ತಡೆಯುತ್ತಾರೆ. ತಾವು ಸರ್ಕಾರದ ಪೊಲೀಸರೆಂದು ಬೆದರಿಸುತ್ತಾರೆ. ಮೋರಿ ಗಟ್ಟಿಯಾಗಿಲ್ಲ, ಗಾಡಿ ಮುಂದೆ ಹೋಗಕೂಡದೆಂದು ದಬಾಯಿಸುತ್ತಾರೆ. ಹುಡುಗ ಹೆದರುತ್ತಾನೆ. ನಾರಾಯಣರ ಬರವಣಿಗೆಯಲ್ಲಿ ಇದು ಅತ್ಯಂತ ನಗೆ ತರಿಸುವ ಭಾಗ. ಸ್ವಾಮಿಯಿಂದ ಕಾಸು ಕಿತ್ತುಕೊಂಡು ವಂಚಿಸುವ ಜಟಕಾದವನೂ, ಚಾಕು ತೋರಿಸಿ ಹೆದರಿಸುವ ಅವನ ಮಗನೂ ಈ ಕಥೆಯಲ್ಲಿದ್ದಾರೆ. ವಕೀಲರ ಮಗನ ಬಾಲ್ಯದಲ್ಲಿ ಬಡವರ ಮಕ್ಕಳು ಒಂದೋ ಹೆದರುವವರು, ಇಲ್ಲವೇ ಹೆದರಿಸುವವರು. ಆಡುವ ಜೊತೆಗಾರರಾಗಿ ಬರುವುದಿಲ್ಲ. ಪ್ರಸಾದ ನಿಲಯದ ಹಾಸುಗಲ್ಲಿನ ಮೇಲೆ ಸಾಲಾಗಿ ಕುಳಿತು ಉಂಡ ನಾವು, ಎಣಿಸಿ ನೋಡಿದರೆ, ಹೆಚ್ಚಿನವರು ಗಾಡಿ ಹೊಡೆದವರು, ದನ ಮೇಯಿಸಿದವರು, ಅಡಕೆ ಹೆಕ್ಕಿದವರು. ಆದರೆ ಟಿ.ವಿ.ಯ ಮುಂದೆ ನಗುವಾಗ ಮೂವರು ಸುಳ್ಳು ಪೊಲೀಸರ ಪಕ್ಕದಲ್ಲಿ ನಿಂತು ನಕ್ಕೆವು. ಆ ಗಾಡಿಯವನ ಪಕ್ಕದಲ್ಲಿ ಒಬ್ಬನೂ ನಿಲ್ಲಲಿಲ್ಲ. ಕಲೆಯ ಮೋಡಿ ಇಂಥದು. ನಾರಾಯಣರಾಗಲಿ ಶಂಕರನಾಗ್ ಆಗಲಿ ಕೆಟ್ಟ ಉದ್ದೇಶದಿಂದ ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಹುಡುಗರ ಲೋಕದಲ್ಲಿಯೂ ಅಧಿಕಾರದ ಆಟ ಎಷ್ಟು ಬೇಗ ಆರಂಭವಾಗುವುದೆಂಬುದನ್ನು ಅವರು ಕಂಡವರೇ. ನಗೆ ಮುಗಿದ ಮೇಲೆ ನಾವು ಆ ಗಾಡಿಯನ್ನು ಹಿಂಬಾಲಿಸಲಿಲ್ಲವೆಂಬುದು ನಮ್ಮ ಲೋಪ.

ಈಗ ಅಜ್ಜಿಯ ವಿಷಯ. ಈ ಲೇಖನವನ್ನು ಬರೆಯಲು ಕಾರಣವಾದದ್ದೇ ಅದು.

ಸ್ವಾಮಿಗೆ ಅಜ್ಜಿಯಿದ್ದಾಳೆ. ಏಲಕ್ಕಿ ಲವಂಗಗಳ ವಾಸನೆಯ ನಡುವೆ, ಹಾಸಿಗೆಯ ಗಂಟಿಗೆ ಒರಗಿ, ಮೊಮ್ಮಗನಿಗೆ ಅವನ ತಾತನ ಪ್ರತಾಪಗಳನ್ನು ಹೇಳಬಯಸುವ ಮುದುಕಿ. ಮೊಮ್ಮಗನಿಗೆ ರಾಜಂನ ವಿಷಯ ಬಿಟ್ಟು ಬೇರೆ ಮಾತು ಬೇಡ. ಅದೇ ರಾಜಂ ಮನೆಗೆ ಬರುತ್ತಾನೆಂದಾಗ ಸ್ವಾಮಿಗೆ ಅವಳನ್ನು ಎಲ್ಲಿ ಅಡಗಿಸಲಿ ಎಂಬ ಚಿಂತೆ. ಸ್ನೇಹಿತ ಇರುವಷ್ಟು ಹೊತ್ತು ಹೊರಗೆ ಬರಬೇಡ, ಕರೆಯಬೇಡ ಎಂದು ಅವಳಿಗೇ ತಾಕೀತು ಮಾಡುತ್ತಾನೆ. ಇನ್ನೊಮ್ಮೆ ಹೊಟ್ಟೆನೋವಿನಿಂದ ನರಳುತ್ತ ಒಂದು ನಿಂಬೆಹಣ್ಣು ತಂದುಕೊಡೆಂದು ಕೇಳಿದವಳನ್ನು ಬಿಟ್ಟು ಆಟಕ್ಕೆ ಓಡುತ್ತಾನೆ. ಆಮೇಲೆ ಆ ನಿಂಬೆಹಣ್ಣು ಅವನನ್ನು ಕಾಡುತ್ತದೆ. ಕಾದಂಬರಿಯಲ್ಲಿ ಇದು ಒಂದೆರಡು ಪುಟಗಳ ಮಾತು. ನೋಡುವವರು ನಗುತ್ತಾರೆ. ಎಲ್ಲರಂತೆ ನಾನೂ ನಕ್ಕೆ, ಆಮೇಲೆ ನಗು ನಿಂತುಹೋಯಿತು.

ನಾನು ಪ್ರಸಾದ ನಿಲಯದಲ್ಲಿದ್ದ ಎರಡನೆಯ ವರ್ಷ, ನನ್ನ ಅಜ್ಜಿ ಬೆಳಗಿನ ಜಾವ ಊರು ಬಿಟ್ಟು, ಬಸ್ಸಿಗೆ ಕಾಸು ಸಾಲದೆ ಅರ್ಧ ದಾರಿ ನಡೆದು ನನ್ನನ್ನು ನೋಡಲು ಬಂದಿದ್ದಳು. ಬರಿಗಾಲು, ಮೊಣಕಾಲವರೆಗೆ ಕೆಸರು, ಹಣೆ ತುಂಬ ವಿಭೂತಿ, ತಲೆಯ ಮೇಲೆ ಬಟ್ಟೆಯ ಗಂಟು. ಗಂಟಿನೊಳಗೆ ಅಕ್ಕಿರೊಟ್ಟಿ, ಅಪ್ಪೆಮಿಡಿಯ ಉಪ್ಪಿನಕಾಯಿ. ಪೇಟೆಯ ವರ್ತಕರೊಬ್ಬರ ಮಗ ಆಗ ನನ್ನ ಪಕ್ಕದಲ್ಲಿದ್ದ. ‘ಯಾರೋ ಇದು?’ ಎಂದು ಕೇಳಿದ. ‘ನಮ್ಮನೆ ಕೆಲಸದವರು’ ಎಂದೆ. ಅಜ್ಜಿಯ ಕಿವಿ ಚುರುಕಾಗಿತ್ತು. ಅವಳು ಏನೂ ಹೇಳದೆ ಗಂಟನ್ನು ನನ್ನ ಕೈಗಿತ್ತು, ‘ಬರ್ತೀನಿ ಅಪ್ಪಯ್ಯ, ಅಮ್ಮಂಗೆ ಏನಾದ್ರೂ ಹೇಳ್ಬೇಕಾ?’ ಎಂದು ಕೆಲಸದವಳಂತೆಯೇ ಕೇಳಿ ಹೊರಟುಹೋದಳು. ಊರಿಗೆ ಹೋದಾಗಲೂ ಅವಳು ಆ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕೆಂದುಕೊಳ್ಳುವಷ್ಟರಲ್ಲಿ ಕಾಲ ಮೀರಿತ್ತು.

ಇದನ್ನು ಇಲ್ಲಿ ಬರೆದದ್ದು ಅನುಕಂಪಕ್ಕಾಗಿ ಅಲ್ಲ. ಬಾಲ್ಯದೊಡನೆ ಮರಳಿ ಸಂಬಂಧ ಬೆಳೆಸುವುದೆಂದರೆ ಗೋಲಿ, ಬುಗುರಿ, ಪೇರಲೆ ಮರಗಳನ್ನು ನೆನೆದು ಕಣ್ಣು ಒರೆಸಿಕೊಳ್ಳುವುದೆಂದು ತಿಳಿದಿರುವ ಚಿತ್ರಗಳೂ ಲೇಖನಗಳೂ ಹೇರಳವಾಗಿವೆ. ಶಂಕರನಾಗ್ ಅವರ ‘ಸ್ವಾಮಿ’ ಆ ಜಾತಿಗೆ ಸೇರದೆ ಉಳಿದಿರುವುದು ಇಂಥ ಕಡೆಗಳಿಂದ. ಅದು ಮಗುವನ್ನು ದೇವರೆನ್ನುವುದಿಲ್ಲ. ಸ್ವಾಮಿ ಹೇಡಿ, ಸುಳ್ಳುಗಾರ, ಬಲಶಾಲಿಯ ಬಾಲ. ಸಹಪಾಠಿಗಳು ಅವನನ್ನು ರಾಜಂನ ಬಾಲವೆಂದೇ ಕರೆಯುತ್ತಾರೆ. ಆದರೂ ಅವನನ್ನು ದ್ವೇಷಿಸುವುದು ಸಾಧ್ಯವಿಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ತೆರೆದು ಸಾಗರದ ಹಳ್ಳಿಗರಿಗೆ ಜಗತ್ತಿನ ಚಿತ್ರಗಳನ್ನು ನೋಡುವ ಅಭ್ಯಾಸ ಮಾಡಿಸಿದುದರ ಫಲವಾಗಿ, ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ (1955) ನಮ್ಮ ಕಡೆಯ ಅಡಕೆ ಬೆಳೆಗಾರರಿಗೂ ಪರಿಚಿತ. ಅಲ್ಲಿಯ ದುರ್ಗೆ ಪಕ್ಕದ ತೋಟದ ಹಣ್ಣನ್ನು ಕದ್ದು ಹಲ್ಲಿಲ್ಲದ ಮುದುಕಿಗೆ ತಂದುಕೊಡುತ್ತಾಳೆ. ನಮ್ಮ ಸ್ವಾಮಿ ಕೇಳಿದ ನಿಂಬೆಹಣ್ಣನ್ನೂ ತರುವುದಿಲ್ಲ. ದುರ್ಗೆ ಹಿರಿಯಳು, ಆದರೆ ನಮ್ಮಲ್ಲಿ ಹೆಚ್ಚಿನವರು ಸ್ವಾಮಿಗಳೇ ಎಂಬುದನ್ನು ಒಪ್ಪಿಕೊಳ್ಳೋಣ.

‘ಮಾಲ್ಗುಡಿ ಡೇಸ್’ ಎಂಬ ಹೆಸರನ್ನೇ ಇಟ್ಟುಕೊಂಡು 2020ರಲ್ಲಿ ಒಂದು ಕನ್ನಡ ಚಿತ್ರವೂ ಬಂದಿತು. ನಾರಾಯಣರ ಕಥೆಗೂ ಅದಕ್ಕೂ ಸಂಬಂಧವಿಲ್ಲ. ವೃದ್ಧ ಲೇಖಕನೊಬ್ಬ ತನ್ನ ಹುಟ್ಟೂರಿಗೆ, ಶಾಲೆಯ ದಿನಗಳಿಗೆ ಮರಳುವುದು ಅದರ ವಸ್ತು. ‘ಚಿನ್ನಾರಿ ಮುತ್ತ’ದಲ್ಲಿ ಬಾಲನಟನಾಗಿ ನಾಡಿನ ಮನಗೆದ್ದ ವಿಜಯ ರಾಘವೇಂದ್ರ ಇಲ್ಲಿ ಮುದುಕನಾಗಿ ಬಂದಿರುವುದು ಒಂದು ಸ್ವಾರಸ್ಯ. ಆದರೆ ಮಾಲ್ಗುಡಿಯೆಂಬ ಹೆಸರು ಈಗ ಊರಿನ ಹೆಸರಾಗಿರದೆ ಒಂದು ಹಂಬಲದ ಹೆಸರಾಗಿಬಿಟ್ಟಿದೆಯೆಂಬುದಕ್ಕೆ ಆ ಶೀರ್ಷಿಕೆಯೇ ಸಾಕ್ಷಿ.

ಮರಳುವುದಕ್ಕೆ ಊರಾದರೂ ಇರಬೇಕಲ್ಲ! 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಅಡಗಿದವು. ನಮ್ಮ ಜೊತೆಯಲ್ಲಿ ಓದಿದ ಕೆಲವರ ಜಗಲಿ, ಗುಡಿ, ಶಾಲೆಯ ಅಂಗಳ ಎಲ್ಲವೂ ನೀರಿನ ಅಡಿಯಲ್ಲಿವೆ. ಬೇಸಗೆಯಲ್ಲಿ ನೀರು ಇಳಿದಾಗ 1948ರ ಮಡೇನೂರು ಅಣೆಕಟ್ಟೆಯೇ ಮೇಲೆದ್ದು ಕಾಣುತ್ತದೆ. ಅದನ್ನು ನೋಡಲು ಜನ ಹೋಗುತ್ತಾರೆ. ತಮ್ಮ ಮನೆಯ ತಳಗಲ್ಲನ್ನು ಹುಡುಕಲು ಹೋಗುವವರೂ ಉಂಟು. ಸಾಗರದಲ್ಲಿ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು ತಮ್ಮ ಬರವಣಿಗೆಯ ಬಹುಭಾಗವನ್ನು ಈ ಮುಳುಗಡೆಗೆ ಮೀಸಲಿಟ್ಟರು. ಅವರ ‘ದ್ವೀಪ’ವನ್ನು ಕಾಸರವಳ್ಳಿಯವರು 2002ರಲ್ಲಿ ಚಿತ್ರವಾಗಿಸಿದರು. ಅದರಲ್ಲಿ ನಗೆಗೆ ಆಸ್ಪದ ಕಡಿಮೆ. ಮುಳುಗಿದ ಊರಿನ ಮಕ್ಕಳ ಆಟಪಾಠಗಳನ್ನು ಕುರಿತು ಹಾಸ್ಯಚಿತ್ರವೊಂದು ಬರಬೇಕೆಂದು ನನ್ನ ಆಸೆ. ಅಲ್ಲಿಯೂ ಮಾವಿನ ಲೆಕ್ಕಗಳಿದ್ದವು, ಅಜ್ಜಿಯರಿದ್ದರು. ಅವರನ್ನು ಕಣ್ಣೀರಿನ ಮೂಲಕವೇ ನೋಡಬೇಕೆಂಬ ನಿಯಮವೇನಿಲ್ಲ.

ಸ್ವಾಮಿಯ ಕಥೆ ಮುಗಿಯುವುದು ರೈಲು ನಿಲ್ದಾಣದಲ್ಲಿ. ಕ್ರಿಕೆಟ್ ಪಂದ್ಯದ ದಿನ ಕಾಡಿನಲ್ಲಿ ದಾರಿ ತಪ್ಪಿ ಸ್ವಾಮಿ ಬರಲಾಗಲಿಲ್ಲವೆಂದು ರಾಜಂಗೆ ಕೋಪ. ತಂದೆಗೆ ವರ್ಗವಾಗಿ ಅವನು ಊರನ್ನೇ ಬಿಡುತ್ತಿದ್ದಾನೆ. ಸ್ವಾಮಿ ಒಂದು ಕಥೆಪುಸ್ತಕವನ್ನು ಉಡುಗೊರೆಯಾಗಿ ಹಿಡಿದು ಗಾಡಿಯ ಜೊತೆ ಓಡುತ್ತಾನೆ; ಪುಸ್ತಕವೇನೋ ಮಣಿಯ ನೆರವಿನಿಂದ ತಲುಪುತ್ತದೆ. ಕ್ಷಮೆ ತಲುಪಿತೋ ಇಲ್ಲವೋ ತಿಳಿಯುವುದಿಲ್ಲ. ರಾಜಂ ಕಾಗದ ಬರೆಯುತ್ತಾನಂತೆ ಎಂದು ಮಣಿ ಹೇಳುತ್ತಾನೆ. ವಿಳಾಸವನ್ನೇ ಕೊಟ್ಟಿಲ್ಲವಲ್ಲ ಎಂದು ಸ್ವಾಮಿ. ಅದು ಅವನಿಗೆ ಗೊತ್ತಂತೆ ಎಂದು ಮಣಿ. ಹೇಳುವುದು ನಿಜವೋ, ಸಮಾಧಾನದ ಸುಳ್ಳೋ ಎಂದು ಸ್ವಾಮಿ ಮಣಿಯ ಮುಖವನ್ನು ನೋಡುತ್ತಾನೆ. ಆ ಮುಖದಲ್ಲಿ ಏನೂ ಓದಲಾಗುವುದಿಲ್ಲ. ಹಾಸ್ಯದ ಕಥೆಯೊಂದು ಹೀಗೆ ಮುಗಿಯುವುದು ಅಪರೂಪ.

ಚಿತ್ರದಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡದ್ದು ಹೊಸನಗರ ತಾಲ್ಲೂಕಿನ, ರಿಪ್ಪನ್‌ಪೇಟೆಗೆ ಹತ್ತಿರದ ಅರಸಾಳು. ಶಿವಮೊಗ್ಗ ತಾಳಗುಪ್ಪಗಳ ನಡುವೆ ಮೀಟರ್‌ಗೇಜಿನ ಪುಟ್ಟ ಗಾಡಿ ಓಡುತ್ತಿದ್ದ ಕಾಲದ ಹೆಂಚಿನ ನಿಲ್ದಾಣ. ಬ್ರಾಡ್‌ಗೇಜ್ ಬಂದು ಹೊಸ ಕಟ್ಟಡವಾದ ಮೇಲೆ ಅದು ಹಾಳುಬಿದ್ದಿತ್ತು. ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು; ಧಾರಾವಾಹಿಗೆ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ಅಣಿಗೊಳಿಸಿದರು. ಕಳೆದ ವರ್ಷ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನಲ್ಲಿ ಓದುವ ಹುಡುಗ. ಹಿಂದಿನ ರಾತ್ರಿ ನಾವಿಬ್ಬರೂ ಚಿತ್ರದ ಕೊನೆಯ ಭಾಗವನ್ನು ನೋಡಿದ್ದೆವು. ಬೊಂಬೆಗಳನ್ನು, ಚಿತ್ರಗಳನ್ನು ಒಂದು ಸುತ್ತು ನೋಡಿ ಮುಗಿಸಿದವನು ಹಳೆಯ ಡಬ್ಬಿಯ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನನ್ನ ಬಳಿಗೆ ಬಂದು, ‘ಅಜ್ಜ, ಆಮೇಲೆ ರಾಜಂ ಕಾಗದ ಬರೆದನಾ?’ ಎಂದು ಕೇಳಿದ.

ಮಣಿ ಹೇಳಿದಂತೆ ಹೇಳಬಹುದಾಗಿತ್ತು. ‘ಗೊತ್ತಿಲ್ಲ ಮರಿ’ ಎಂದೆ. ಅವನು ನನ್ನ ಮುಖವನ್ನು ಒಂದಷ್ಟು ಹೊತ್ತು ನೋಡಿದ. ಅಷ್ಟರಲ್ಲಿ ತಾಳಗುಪ್ಪದ ಗಾಡಿ ಬಂತು. ಅದನ್ನು ನೋಡಲು ಓಡಿದ.